ಲೋಹದ ಕನ್ನಡಿಯೊಳಗೆ ಬೆಳಕಿಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ಕನ್ನಡಿಯ ಪಾಠ ಎರಡು ಕೋನಗಳಲ್ಲಿ ಮುಗಿದುಹೋಗುತ್ತದೆ. ಪತನ ಕೋನ, ಪ್ರತಿಫಲನ ಕೋನ, ಎರಡೂ ಸಮ. ಕಿರಣದ ಗೆರೆ ಕನ್ನಡಿಯನ್ನು ಮುಟ್ಟಿದ ಚುಕ್ಕೆಯಲ್ಲಿ ಏನು ನಡೆಯಿತು ಎಂಬುದನ್ನು ಪಾಠ ಹೇಳುವುದಿಲ್ಲ. ಕೆಳಗಿನ ಪ್ರಶ್ನೆಗಳೆಲ್ಲ ಆ ಚುಕ್ಕೆಯ ಸುತ್ತಮುತ್ತಲಿನವು.

ಬೆಳಕು ಕನ್ನಡಿಗೆ ಬಡಿದು ಚೆಂಡಿನಂತೆ ಪುಟಿಯುತ್ತದೆ. ಇಷ್ಟೇ ತಾನೆ?

ಅಲ್ಲ. ಕೋನದ ಲೆಕ್ಕಕ್ಕೆ ಆ ಚಿತ್ರ ಸಾಕು, ಕಾರಣ ತಿಳಿಯುವುದಕ್ಕೆ ಸಾಲದು. ಚೆಂಡು ಪುಟಿಯಬೇಕಾದರೆ ಗಟ್ಟಿ ಗೋಡೆ ಬೇಕು. ಬೆಳಕಿಗೆ ಗಟ್ಟಿತನದ ಹಂಗಿಲ್ಲ. ಗಾಜು, ವಜ್ರ ಎರಡೂ ಬೆಳ್ಳಿಗಿಂತ ಗಟ್ಟಿ, ಆದರೂ ಬೆಳಕು ಅವುಗಳ ಮೂಲಕ ಸಲೀಸಾಗಿ ಹಾದುಹೋಗುತ್ತದೆ. ಪಾದರಸ ಹರಿಯುವ ದ್ರವ, ಆದರೂ ಬೆಳಕನ್ನು ಒಳಗೆ ಬಿಡುವುದಿಲ್ಲ.

ಗಾತ್ರವನ್ನೂ ನೋಡಿ. ಹಸಿರು ಬೆಳಕಿನ ತರಂಗಾಂತರ ಸುಮಾರು 550 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯ ಒಂದು ಪಾಲು). ಬೆಳ್ಳಿಯಲ್ಲಿ ಪಕ್ಕಪಕ್ಕದ ಪರಮಾಣುಗಳ ನಡುವಿನ ಅಂತರ 0.29 ನ್ಯಾನೋಮೀಟರ್. ಬೆಳಕಿನ ಒಂದು ಅಲೆಯ ಉದ್ದದಲ್ಲಿ ಸುಮಾರು 1900 ಪರಮಾಣುಗಳು ಸಾಲಾಗಿ ಕೂರುತ್ತವೆ. ಯಾವುದೋ ಒಂದು ಪರಮಾಣುವಿಗೆ ಹೋಗಿ ಬಡಿಯುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ಪ್ರತಿಫಲನ ಎಂಬುದು ಗುಂಪಿನ ಕೆಲಸ.

ಹಾಗಾದರೆ ಒಳಗೆ ನಡೆಯುವುದಾದರೂ ಏನು?

ಮೊದಲು ಲೋಹ ಎಂದರೇನು ನೋಡೋಣ. ಬೆಳ್ಳಿಯ ಪ್ರತಿ ಪರಮಾಣುವೂ ತನ್ನ ಹೊರ ಕವಚದ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ, ಅಲ್ಯುಮಿನಿಯಂ ಮೂರನ್ನು. ಹೀಗೆ ಬಿಡುಗಡೆಯಾದ ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿನ ಸ್ವತ್ತೂ ಅಲ್ಲ, ಇಡೀ ಲೋಹದ ತುಂಡಿನ ತುಂಬ ಓಡಾಡಿಕೊಂಡಿರುತ್ತವೆ. ಎಲೆಕ್ಟ್ರಾನ್ ಇದೆ ಎಂದು ಜೆ.ಜೆ. ಥಾಮ್ಸನ್ ತೋರಿಸಿದ್ದು 1897ರಲ್ಲಿ. ಮೂರೇ ವರ್ಷದಲ್ಲಿ, 1900ರಲ್ಲಿ, ಜರ್ಮನಿಯ ಪಾಲ್ ಡ್ರೂಡೆ ಲೋಹದೊಳಗೆ ಇವು ಅನಿಲದಂತೆ ತುಂಬಿಕೊಂಡಿವೆ ಎಂಬ ಚಿತ್ರ ಕೊಟ್ಟರು. ಮುಂದೆ ಕ್ವಾಂಟಂ ಸಿದ್ಧಾಂತ ಆ ಚಿತ್ರದ ಎಷ್ಟೋ ವಿವರಗಳನ್ನು ತಿದ್ದಿತು. ಆದರೂ ಕನ್ನಡಿಯ ಮಟ್ಟಿಗೆ ಡ್ರೂಡೆ ಇವತ್ತಿಗೂ ಕೆಲಸಕ್ಕೆ ಬರುತ್ತಾರೆ.

ಇನ್ನು ಬೆಳಕು. ಅದು ವಿದ್ಯುತ್ಕಾಂತೀಯ ಅಲೆ, ಅಂದರೆ ಅತ್ತಿಂದಿತ್ತ ತೂಗುವ ವಿದ್ಯುತ್ ಕ್ಷೇತ್ರ. ಹಸಿರು ಬೆಳಕಿನಲ್ಲಿ ಈ ತೂಗಾಟ ಸೆಕೆಂಡಿಗೆ 545 ಲಕ್ಷ ಕೋಟಿ ಬಾರಿ. ವಿದ್ಯುತ್ ಕ್ಷೇತ್ರ ಬಂದ ಕಡೆ ಎಲೆಕ್ಟ್ರಾನುಗಳು ಸುಮ್ಮನಿರಲಾರವು. ಅದು ಎಳೆದತ್ತ ಸರಿಯುತ್ತವೆ, ದಿಕ್ಕು ಬದಲಾದರೆ ತಾವೂ ಬದಲಾಗುತ್ತವೆ. ತೂಗಾಡುವ ವಿದ್ಯುದಾವೇಶ ತಾನೂ ಹೊಸ ವಿದ್ಯುತ್ಕಾಂತೀಯ ಅಲೆಯನ್ನು ಹೊರಸೂಸುತ್ತದೆ. ರೇಡಿಯೋ ಪ್ರಸಾರ ಕೇಂದ್ರದ ಗೋಪುರದಲ್ಲಿ ನಡೆಯುವುದೂ ಇದೇ.

ಮುಖ್ಯವಾದ ತಿರುವು ಬರುವುದು ಇಲ್ಲಿ. ಮೇಲ್ಮೈ ಬಳಿಯ ಎಲೆಕ್ಟ್ರಾನುಗಳ ಪದರವು ಹೊಸ ಅಲೆಯನ್ನು ಎರಡೂ ಕಡೆಗೆ ಸೂಸುತ್ತದೆ: ಹೊರಕ್ಕೆ ಗಾಳಿಯತ್ತ, ಒಳಕ್ಕೆ ಲೋಹದತ್ತ. ಒಳಮುಖವಾಗಿ ಹೋಗುವ ಹೊಸ ಅಲೆ, ಒಳನುಗ್ಗುತ್ತಿರುವ ಮೂಲ ಅಲೆಗೆ ತದ್ವಿರುದ್ಧ ಲಯದಲ್ಲಿರುತ್ತದೆ. ಒಂದರ ಏರು ಇನ್ನೊಂದರ ಇಳಿವಿಗೆ ಸೇರಿ ಎರಡೂ ಅಳಿಸಿಹೋಗುತ್ತವೆ. ಹೀಗಾಗಿ ಲೋಹದ ಆಳದಲ್ಲಿ ಕತ್ತಲೆ. ಹೊರಮುಖವಾಗಿ ಹೊರಟ ಅಲೆಯನ್ನು ಅಳಿಸಲು ಯಾರೂ ಇಲ್ಲ, ಅದು ಬಂದ ದಾರಿಯತ್ತ ಹೊರಟುಬಿಡುತ್ತದೆ. ಅದನ್ನೇ ನಾವು ಪ್ರತಿಬಿಂಬ ಎನ್ನುತ್ತೇವೆ.

ಹಾಗಾಗಿ ಕನ್ನಡಿಯಿಂದ ನಿಮ್ಮ ಕಣ್ಣಿಗೆ ಬರುವ ಬೆಳಕನ್ನು ಅಲೆಯ ಭಾಷೆಯಲ್ಲಿ ಹೇಳುವುದಾದರೆ ಅದು ಹೊಸದಾಗಿ ಹುಟ್ಟಿದ ಬೆಳಕು. ಹಳೆಯದು ಮೇಲ್ಮೈಯಿಂದ ಕೆಲವೇ ಹತ್ತು ನ್ಯಾನೋಮೀಟರ್ ಆಳದಲ್ಲಿ ಸತ್ತಿರುತ್ತದೆ.

ಎಲೆಕ್ಟ್ರಾನುಗಳು ಸರಿಯಾಗಿ ವಿರುದ್ಧ ಲಯವನ್ನೇ ಹಿಡಿಯುವುದೇಕೆ?

ಪಿಯುಸಿಯಲ್ಲಿ ಓದಿರುತ್ತೀರಿ: ವಾಹಕದ ಒಳಗೆ ಸ್ಥಿರ ವಿದ್ಯುತ್ ಕ್ಷೇತ್ರ ಸೊನ್ನೆ. ಹೊರಗಿನಿಂದ ಕ್ಷೇತ್ರ ಬಂದರೆ ಎಲೆಕ್ಟ್ರಾನುಗಳು ಸರಿದಾಡಿ ಅದನ್ನು ರದ್ದು ಮಾಡುತ್ತವೆ. ಬೆಳಕಿನ ವಿಷಯದಲ್ಲೂ ಅದೇ ಕಥೆ, ವೇಗ ಮಾತ್ರ ಹೆಚ್ಚು. ಕ್ಷೇತ್ರ ಸೆಕೆಂಡಿಗೆ ಎಷ್ಟೇ ಬಾರಿ ತಿರುಗಲಿ, ಎಲೆಕ್ಟ್ರಾನುಗಳಿಗೆ ಅದರ ಜೊತೆ ಓಡಲು ಸಾಧ್ಯವಾಗುವ ತನಕ ರದ್ದತಿ ನಡೆಯುತ್ತದೆ. ಈ ಓಟಕ್ಕೊಂದು ಮಿತಿ ಇದೆ, ಅದರ ಹೆಸರು ಪ್ಲಾಸ್ಮಾ ಆವೃತ್ತಿ. ಎಲೆಕ್ಟ್ರಾನುಗಳ ಸಾಂದ್ರತೆ ಹೆಚ್ಚಿದಷ್ಟೂ ಮಿತಿ ಮೇಲೇರುತ್ತದೆ. ಅಲ್ಯುಮಿನಿಯಂನಲ್ಲಿ ಅದು ಸೆಕೆಂಡಿಗೆ ಸುಮಾರು 3600 ಲಕ್ಷ ಕೋಟಿ, ಅಂದರೆ ಕಣ್ಣಿಗೆ ಕಾಣುವ ಬೆಳಕನ್ನು ದಾಟಿ ನೇರಳಾತೀತದ ಆಳದಲ್ಲಿ. ಕಾಣುವ ಬೆಳಕಿನ ಅಷ್ಟೂ ಬಣ್ಣಗಳು ಈ ಮಿತಿಯ ಕೆಳಗೇ ಬರುತ್ತವೆ.

ಗಾಜಿನಲ್ಲಿ ಇಂಥ ಸ್ವತಂತ್ರ ಎಲೆಕ್ಟ್ರಾನುಗಳಿಲ್ಲ. ಎಲ್ಲವೂ ತಂತಮ್ಮ ಪರಮಾಣುಗಳಿಗೆ ಕಟ್ಟುಬಿದ್ದಿವೆ. ಅವೂ ಕೊಂಚ ತೂಗುತ್ತವೆ, ಆದರೆ ಮೂಲ ಅಲೆಯನ್ನು ಅಳಿಸುವುದಿಲ್ಲ, ಅದರ ನಡಿಗೆಯನ್ನು ನಿಧಾನಿಸುತ್ತವೆ ಅಷ್ಟೆ. ಆದ್ದರಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜಿನ ಒಂದು ಮೇಲ್ಮೈ ಹಿಂದಿರುಗಿಸುವುದು ನೂರಕ್ಕೆ ಬರೀ ನಾಲ್ಕು ಪಾಲು.

ಎಲೆಕ್ಟ್ರಾನ್ ಎಷ್ಟು ದೂರ ತೂಗಾಡುತ್ತದೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಇದು. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಅದರ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 870 ವೋಲ್ಟ್. ಇಷ್ಟು ಕ್ಷೇತ್ರ ಸ್ವತಂತ್ರ ಎಲೆಕ್ಟ್ರಾನೊಂದನ್ನು ಹಸಿರು ಬೆಳಕಿನ ಲಯದಲ್ಲಿ ತೂಗಿದರೆ ಅದು ಸರಿಯುವ ದೂರ ಒಂದು ಮೀಟರಿನ 10^17ನೆಯ ಒಂದು ಭಾಗದ ಆಸುಪಾಸು. ಪ್ರೋಟಾನಿನ ವ್ಯಾಸದ ನೂರನೆಯ ಒಂದು ಪಾಲು! ನಡು ಮಧ್ಯಾಹ್ನದ ಬಿಸಿಲಿಗೆ ಹಿಡಿದ ಕನ್ನಡಿ ಕಣ್ಣು ಕೋರೈಸುವಾಗಲೂ ಅದರೊಳಗಿನ ಎಲೆಕ್ಟ್ರಾನುಗಳ ತೂಗಾಟ ಇಷ್ಟೇ.

ಹಾಗಿದ್ದೂ ಇಷ್ಟು ಪ್ರಖರ ಬೆಳಕು ಹುಟ್ಟುವುದು ಸಂಖ್ಯಾಬಲದಿಂದ. ಒಂದು ಚದರ ಮಿಲಿಮೀಟರ್ ಬೆಳ್ಳಿಯ ಮೇಲ್ಮೈಯಲ್ಲಿ, 20 ನ್ಯಾನೋಮೀಟರ್ ಆಳದವರೆಗೆ, ಸುಮಾರು ಹತ್ತು ಕೋಟಿ ಕೋಟಿ ಸ್ವತಂತ್ರ ಎಲೆಕ್ಟ್ರಾನುಗಳಿವೆ. ಅಷ್ಟೂ ಒಂದೇ ಲಯದಲ್ಲಿ ತೂಗುತ್ತವೆ. ಇವು ಬೆಳಕಿಲ್ಲದಾಗಲೂ ಸೆಕೆಂಡಿಗೆ ಹತ್ತು ಲಕ್ಷ ಮೀಟರಿಗೂ ಹೆಚ್ಚು ವೇಗದಲ್ಲಿ ದಿಕ್ಕಾಪಾಲಾಗಿ ಓಡಾಡುತ್ತಲೇ ಇರುತ್ತವೆ. ದಿಕ್ಕಿಲ್ಲದ ಆ ಓಡಾಟ ಒಟ್ಟು ಲೆಕ್ಕದಲ್ಲಿ ಸೊನ್ನೆಯಾಗುತ್ತದೆ, ಅದರ ಮೇಲಿನ ಈ ಸಣ್ಣ ಒಕ್ಕೊರಲಿನ ತೂಗಾಟ ಉಳಿದುಕೊಳ್ಳುತ್ತದೆ.

ಎಲೆಕ್ಟ್ರಾನ್ ಬೆಳಕನ್ನು ಹೀರಿ ಮೇಲಿನ ಮಟ್ಟಕ್ಕೆ ಜಿಗಿದು, ಮತ್ತೆ ಕೆಳಗಿಳಿದು ಬೆಳಕನ್ನು ಬಿಡುತ್ತದೆ ಎಂದು ಓದಿದ್ದೆ.

ಅಂತರಜಾಲದಲ್ಲಿ ಈ ವಿವರಣೆ ಸಾಕಷ್ಟು ಓಡಾಡುತ್ತಿದೆ. ಕನ್ನಡಿಗೆ ಇದು ಒಪ್ಪುವುದಿಲ್ಲ. ಹೀರಿ ಬಿಡುವ ಕ್ರಿಯೆಯಲ್ಲಿ ಬೆಳಕು ಯಾವ ದಿಕ್ಕಿಗಾದರೂ, ಯಾವ ಗಳಿಗೆಯಲ್ಲಾದರೂ ಹೊರಬೀಳಬಹುದು. ಬಣ್ಣವೂ ಬದಲಾಗಬಹುದು. ಟ್ಯೂಬ್‌ಲೈಟಿನ ಒಳಗೋಡೆಯ ಬಿಳಿ ಪುಡಿ ಮಾಡುವುದು ಅದನ್ನೇ: ಕಣ್ಣಿಗೆ ಕಾಣದ ನೇರಳಾತೀತವನ್ನು ಹೀರಿ, ಕಾಣುವ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಅದರಲ್ಲಿ ನಿಮ್ಮ ಮುಖ ಕಾಣುವುದುಂಟೇ? ಕನ್ನಡಿಯಲ್ಲಿ ಎಲೆಕ್ಟ್ರಾನುಗಳು ಬೆಳಕಿನ ಲಯಕ್ಕೆ ತೂಗುತ್ತವೆ, ಜಿಗಿಯುವುದಿಲ್ಲ. ಲಯ ಒಂದೇ ಆದ್ದರಿಂದ ಬಣ್ಣ ಬದಲಾಗದು, ಅಲೆಯ ಏರಿಳಿತದ ಕ್ರಮವೂ ಕೆಡದು. ಜಿಗಿತ ನಿಜವಾಗಿ ನಡೆದಾಗ ಏನಾಗುತ್ತದೆ ಎಂಬುದಕ್ಕೆ ಚಿನ್ನದ ಪ್ರಶ್ನೆ ನೋಡಿ.

ಎರಡೂ ಕೋನ ಸಮ ಇರಬೇಕೆಂದು ಎಲೆಕ್ಟ್ರಾನಿಗೆ ಹೇಗೆ ಗೊತ್ತು?

ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಬಿಡಿ ಎಲೆಕ್ಟ್ರಾನು ಒಂದೇ ದಿಕ್ಕನ್ನು ಆರಿಸಿಕೊಳ್ಳುವುದಿಲ್ಲ, ತನ್ನ ಸುತ್ತ ಹಲವು ದಿಕ್ಕಿಗೆ ಅಲೆ ಹರಡುತ್ತದೆ. ಅಲೆ ಓರೆಯಾಗಿ ಬಂದಾಗ ಕನ್ನಡಿಯ ಎಡ ತುದಿಗೆ ಮೊದಲು ತಾಗುತ್ತದೆ, ಬಲಕ್ಕೆ ಆಮೇಲೆ. ಆದ್ದರಿಂದ ಎಡಗಡೆಯ ಎಲೆಕ್ಟ್ರಾನುಗಳು ಮೊದಲು ತೂಗಲು ತೊಡಗುತ್ತವೆ, ಬಲಗಡೆಯವು ಒಂದರ ಹಿಂದೆ ಒಂದರಂತೆ ತಡವಾಗಿ. ಕೆರೆಯ ದಂಡೆಯುದ್ದಕ್ಕೂ ಹತ್ತು ಜನ ನಿಂತು ಒಬ್ಬರಾದ ಮೇಲೊಬ್ಬರು ಕಲ್ಲು ಹಾಕಿದರೆ ಉಂಗುರಗಳೆಲ್ಲ ಕೂಡಿ ಓರೆಯಾದ ಒಂದು ನೇರ ಅಲೆ ಏಳುವುದನ್ನು ಕಲ್ಪಿಸಿಕೊಳ್ಳಿ. ಎಷ್ಟು ಓರೆ ಎಂಬುದನ್ನು ನಿರ್ಧರಿಸುವುದು ಒಬ್ಬರಿಗೂ ಇನ್ನೊಬ್ಬರಿಗೂ ನಡುವಿನ ತಡ. ಕನ್ನಡಿಯಲ್ಲಿ ಈ ತಡವನ್ನು ಬರುವ ಅಲೆಯೇ ಗೊತ್ತು ಮಾಡುತ್ತದೆ, ಹೋಗುವ ಅಲೆಯ ವೇಗವೂ ಅದರದ್ದೇ. ಆದ್ದರಿಂದ ಅದು ಅಷ್ಟೇ ಓರೆಯಾಗಿ ಏಳುತ್ತದೆ. ಉಳಿದ ದಿಕ್ಕುಗಳಲ್ಲಿ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ.

ಪರಮಾಣುಗಳು ಅಚ್ಚುಕಟ್ಟಾಗಿ ಸಾಲುಗಟ್ಟಿರುವುದರಿಂದ ಲೋಹ ಹೊಳೆಯುತ್ತದೆಯೇ?

ಇಲ್ಲ. ಪಾದರಸದಲ್ಲಿ ಪರಮಾಣುಗಳಿಗೆ ಯಾವ ಸಾಲೂ ಇಲ್ಲ, ಆದರೂ ಹೊಳೆಯುತ್ತದೆ. ಉತ್ತರಾಖಂಡದ ದೇವಸ್ಥಲದಲ್ಲಿ ಪಾದರಸದ್ದೇ ಒಂದು ದೂರದರ್ಶಕವಿದೆ. ನಾಲ್ಕು ಮೀಟರ್ ಅಗಲದ ಬಟ್ಟಲಿನಲ್ಲಿ ಪಾದರಸದ ತೆಳು ಪದರವನ್ನು ಸುಮಾರು ಎಂಟು ಸೆಕೆಂಡಿಗೊಂದು ಸುತ್ತಿನಂತೆ ತಿರುಗಿಸುತ್ತಾರೆ. ತಿರುಗುವ ದ್ರವದ ಮೇಲ್ಮೈ ತಾನಾಗಿ ಪ್ಯಾರಾಬೋಲದ, ಅಂದರೆ ದೂರದ ಬೆಳಕನ್ನು ಒಂದೇ ಬಿಂದುವಿಗೆ ಕೂಡಿಸುವ ಬಟ್ಟಲಿನ, ಆಕಾರಕ್ಕೆ ಬರುತ್ತದೆ. 2022ರಲ್ಲಿ ಅದು ಮೊದಲ ಬಾರಿಗೆ ಆಕಾಶ ನೋಡಿತು. ಬೇಕಾಗಿರುವುದು ಸ್ವತಂತ್ರ ಎಲೆಕ್ಟ್ರಾನುಗಳು ಮತ್ತು ನಯವಾದ ಮೇಲ್ಮೈ, ಪರಮಾಣುಗಳ ಕವಾಯತು ಅಲ್ಲ.

ಹಾಗಿದ್ದರೆ ಎಲ್ಲ ಲೋಹವೂ ಕನ್ನಡಿಯಾಗಬೇಕಲ್ಲ? ಮನೆಯ ಅಲ್ಯುಮಿನಿಯಂ ಪಾತ್ರೆಯಲ್ಲಿ ಮುಖವೇ ಕಾಣುವುದಿಲ್ಲ.

ಪಾತ್ರೆಯೂ ಬೆಳಕನ್ನು ಹಿಂದಿರುಗಿಸುತ್ತಿದೆ, ಆದರೆ ಚೆಲ್ಲಾಪಿಲ್ಲಿಯಾಗಿ. ತಿಕ್ಕಿ ತಿಕ್ಕಿ ಬಿದ್ದ ಗೀರುಗಳು ಬೆಳಕಿನ ತರಂಗಾಂತರಕ್ಕಿಂತ ಆಳವಾಗಿವೆ. ಗೀರಿನ ಒಂದೊಂದು ಪಕ್ಕವೂ ಒಂದೊಂದು ದಿಕ್ಕಿಗೆ ಬೆಳಕನ್ನು ಕಳಿಸುತ್ತದೆ. ಮೇಲ್ಮೈಯ ಏರುಪೇರು ತರಂಗಾಂತರದ ಸಣ್ಣ ಪಾಲಿಗಿಂತ ಕಡಿಮೆ ಇದ್ದರೆ ಮಾತ್ರ ಬೆಳಕು ಅದನ್ನು ನಯ ಎಂದು ಒಪ್ಪುತ್ತದೆ. ಅಡುಗೆಮನೆಯ ಫಾಯಿಲ್‌ನ ಒಂದು ಬದಿ ಮಿರುಗಿ ಇನ್ನೊಂದು ಬದಿ ಮಂಕಾಗಿರುವುದೂ ಇದರಿಂದಲೇ. ಕೊನೆಯ ಸುತ್ತಿನಲ್ಲಿ ಎರಡು ಹಾಳೆ ಜೋಡಿಸಿ ರೋಲರಿಗೆ ಕೊಡುತ್ತಾರೆ. ನುಣುಪಾದ ರೋಲರ್ ತಾಗಿದ ಬದಿ ಮಿರುಗುತ್ತದೆ, ಹಾಳೆಗೆ ಹಾಳೆ ತಾಗಿದ ಬದಿ ಮಂಕು. ಲೋಹ ಒಂದೇ.

ಇದರ ಇನ್ನೊಂದು ತುದಿಯೂ ಇದೆ. ಬೆಳ್ಳಿಯನ್ನು ತೀರಾ ಸಣ್ಣ ಕಣಗಳನ್ನಾಗಿಸಿದರೆ ಅದು ಕಪ್ಪಗೆ ಕಾಣುತ್ತದೆ. ಹಳೆಯ ಕಪ್ಪುಬಿಳುಪು ಫೋಟೋಗಳ ಕಪ್ಪೆಲ್ಲ ಬೆಳ್ಳಿಯೇ.

ಚಿನ್ನ ಹಳದಿ, ತಾಮ್ರ ಕೆಂಪು, ಬೆಳ್ಳಿ ಮಾತ್ರ ಬಿಳಿ. ಏಕೆ?

ಇಲ್ಲಿ ಬರುತ್ತದೆ ಜಿಗಿತ. ಸ್ವತಂತ್ರ ಎಲೆಕ್ಟ್ರಾನುಗಳ ಜೊತೆಗೆ, ಪರಮಾಣುವಿಗೆ ಇನ್ನೂ ಹತ್ತಿರವಿರುವ ಒಳಗಿನ ಎಲೆಕ್ಟ್ರಾನುಗಳೂ ಇವೆಯಷ್ಟೆ. ಸಾಕಷ್ಟು ಶಕ್ತಿಯ ಬೆಳಕು ಬಿದ್ದರೆ ಅವು ಅದನ್ನು ನುಂಗಿ ಮೇಲಕ್ಕೆ ಜಿಗಿಯುತ್ತವೆ. ಚಿನ್ನದಲ್ಲಿ ಇದು ಸುಮಾರು 520 ನ್ಯಾನೋಮೀಟರಿನಿಂದ, ಅಂದರೆ ಹಸಿರಿನಿಂದಲೇ ಶುರುವಾಗುತ್ತದೆ. ನೀಲಿ, ನೇರಳೆಯ ಬಹುಪಾಲು ಒಳಗೇ ಕರಗಿ ಬಿಸಿಯಾಗುತ್ತದೆ. ಹಳದಿ, ಕೆಂಪು ಹಿಂದಕ್ಕೆ ಬರುತ್ತವೆ. ತಾಮ್ರದಲ್ಲಿ ಜಿಗಿತಕ್ಕೆ ಇನ್ನೂ ಕಡಿಮೆ ಶಕ್ತಿ ಸಾಕು, ಹಾಗಾಗಿ ಅದು ಇನ್ನಷ್ಟು ಕೆಂಪು. ಬೆಳ್ಳಿಯಲ್ಲಿ ಈ ಜಿಗಿತಕ್ಕೆ ನೇರಳಾತೀತವೇ ಬೇಕು. ಕಣ್ಣಿಗೆ ಕಾಣುವ ಬಣ್ಣಗಳಷ್ಟೂ ಪಾರಾಗುತ್ತವೆ. ನಮ್ಮ ಕಣ್ಣು 320 ನ್ಯಾನೋಮೀಟರನ್ನು ನೋಡುವಂತಿದ್ದರೆ ಬೆಳ್ಳಿಗೂ ಒಂದು ಬಣ್ಣವಿರುತ್ತಿತ್ತು, ಏಕೆಂದರೆ ಅಲ್ಲಿ ಅದರ ಪ್ರತಿಫಲನ ಪಾತಾಳಕ್ಕಿಳಿಯುತ್ತದೆ.

ಚಿನ್ನ ಬೆಳ್ಳಿಯ ಹಾಗೆ ಏಕಿಲ್ಲ ಎಂಬುದಕ್ಕೆ ಉತ್ತರ ಐನ್‌ಸ್ಟೈನರ ಸಾಪೇಕ್ಷತೆಯಲ್ಲಿದೆ. ಚಿನ್ನದ ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನುಗಳು. ಅವುಗಳ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕೂ ಮಿಗಿಲಾದ ವೇಗದಲ್ಲಿರುತ್ತವೆ. ಆ ವೇಗದಲ್ಲಿ ಸಾಪೇಕ್ಷತೆಯ ಪರಿಣಾಮ ಕವಚಗಳ ಶಕ್ತಿಮಟ್ಟಗಳನ್ನೇ ಸರಿಸಿಬಿಡುತ್ತದೆ. ಕೆಲವು ಕುಗ್ಗುತ್ತವೆ, ಕೆಲವು ಮೇಲೇಳುತ್ತವೆ, ಜಿಗಿಯಬೇಕಾದ ಎತ್ತರ ಕಡಿಮೆಯಾಗುತ್ತದೆ. ಅಕ್ಷಯ ತೃತೀಯದ ದಿನ ಅಂಗಡಿಯ ಮುಂದೆ ಸಾಲು ನಿಲ್ಲಿಸುವ ಆ ಹಳದಿಯಲ್ಲಿ ಸಾಪೇಕ್ಷತೆಯ ಪಾಲು ದೊಡ್ಡದು.

ಯಾವ ಲೋಹದ ಕನ್ನಡಿ ಉತ್ತಮ?

ಯಾವ ಬೆಳಕು ಎಂಬುದರ ಮೇಲೆ ಹೋಗುತ್ತದೆ. ಕಾಣುವ ಬೆಳಕಿಗೆ ಹೊಸ ಬೆಳ್ಳಿಯನ್ನು ಮೀರಿಸುವ ಲೋಹವಿಲ್ಲ, ನೂರಕ್ಕೆ 95ರಿಂದ 98 ಪಾಲು ಹಿಂದಿರುಗಿಸುತ್ತದೆ. ಆದರೆ ಗಾಳಿಯಲ್ಲಿನ ಗಂಧಕದ ಅನಿಲಗಳಿಗೆ ಬೆಳ್ಳಿ ಕಪ್ಪಾಗುತ್ತದೆ. ಅಲ್ಯುಮಿನಿಯಂ 90ರ ಆಸುಪಾಸು. ಅದರ ಮೇಲೆ ತಾನಾಗಿ ಕಟ್ಟುವ ಕೆಲವೇ ನ್ಯಾನೋಮೀಟರ್ ಆಕ್ಸೈಡ್ ಪೊರೆ ಪಾರದರ್ಶಕ, ಒಳಗಿನ ಲೋಹವನ್ನು ಕಾಯುತ್ತದೆ.

ಇತಿಹಾಸವೂ ಇದೇ ಜಾಡಿನದು. ನ್ಯೂಟನ್ 1668ರಲ್ಲಿ ಮಾಡಿದ ದೂರದರ್ಶಕದಲ್ಲಿ ಇದ್ದದ್ದು ತಾಮ್ರ ತವರ ಬೆರೆಸಿದ ಮಿಶ್ರಲೋಹದ ಕನ್ನಡಿ. ಅಂಥ ಕನ್ನಡಿ ಬಿದ್ದ ಬೆಳಕಿನ ಮೂರನೆಯ ಒಂದು ಪಾಲನ್ನು ತಿಂದುಹಾಕುತ್ತಿತ್ತು. 1835ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ ರಾಸಾಯನಿಕ ಕ್ರಿಯೆಯಿಂದ ಗಾಜಿನ ಮೇಲೆ ಬೆಳ್ಳಿ ಕೂರಿಸುವ ಬಗೆ ಕಂಡುಕೊಂಡರು. ಪಿಯುಸಿ ಪ್ರಯೋಗಾಲಯದಲ್ಲಿ ಆಲ್ಡಿಹೈಡ್ ಪತ್ತೆಗೆ ಪ್ರನಾಳದೊಳಗೆ ಬೆಳ್ಳಿ ಕನ್ನಡಿ ಮೂಡಿಸುತ್ತೀರಲ್ಲ, ಅದರದ್ದೇ ಬಳಗ. 1850ರ ದಶಕದಲ್ಲಿ ಫ್ರಾನ್ಸಿನ ಫೂಕೋ, ಜರ್ಮನಿಯ ಸ್ಟೈನ್‌ಹೈಲ್ ಇಬ್ಬರೂ ಅದನ್ನು ದೂರದರ್ಶಕಕ್ಕೆ ತಂದರು. 1930ರ ದಶಕದಲ್ಲಿ ಅಮೆರಿಕದ ಜಾನ್ ಸ್ಟ್ರಾಂಗ್ ನಿರ್ವಾತದಲ್ಲಿ ಅಲ್ಯುಮಿನಿಯಂ ಆವಿ ಲೇಪಿಸುವುದನ್ನು ರೂಢಿಗೆ ತಂದರು. 1935ರಲ್ಲಿ ಮೌಂಟ್ ವಿಲ್ಸನ್‌ನ ನೂರು ಅಂಗುಲದ ದೂರದರ್ಶಕಕ್ಕೂ ಆ ಲೇಪ ಬಂತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ 2.34 ಮೀಟರಿನ ವೇಣು ಬಾಪು ದೂರದರ್ಶಕದ ಕನ್ನಡಿಗೂ ಅಲ್ಯುಮಿನಿಯಂ ಲೇಪವೇ.

ಕೆಂಪಿನಾಚೆಯ, ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೆ ಬಂದರೆ ಚಿನ್ನದ ಮೇಲುಗೈ. 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕದ 18 ಬೆರಿಲಿಯಂ ಹಲಗೆಗಳಿಗೆ ಚಿನ್ನ ಬಳಿದಿದ್ದಾರೆ. 6.5 ಮೀಟರ್ ಅಗಲದ ಕನ್ನಡಿಗೆ ಹಿಡಿದ ಚಿನ್ನ ಒಟ್ಟು ಐವತ್ತು ಗ್ರಾಮಿಗೂ ಕಡಿಮೆ. ನಮ್ಮ ಕಡೆಯ ಮದುವೆಗಳಲ್ಲಿ ಇದಕ್ಕಿಂತ ಹೆಚ್ಚು ಚಿನ್ನ ಕಾಣುತ್ತದೆ.

ಅಷ್ಟು ತೆಳು ಪದರ ಸಾಕೇ?

ಧಾರಾಳ ಸಾಕು. ಬೆಳ್ಳಿಯೊಳಗೆ ಪ್ರತಿ 12 ನ್ಯಾನೋಮೀಟರಿಗೆ, ಅಂದರೆ ಸುಮಾರು ಐವತ್ತು ಪರಮಾಣು ಪದರಗಳಿಗೆ, ಬೆಳಕಿನ ತೀವ್ರತೆ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. 100 ನ್ಯಾನೋಮೀಟರ್ ದಾಟುವಷ್ಟರಲ್ಲಿ ಉಳಿಯುವುದು ಹತ್ತು ಸಾವಿರದಲ್ಲಿ ಎರಡು ಮೂರು ಪಾಲು. ಅದಕ್ಕಿಂತ ದಪ್ಪ ಬಳಿದರೆ ಹೊಳಪು ಹೆಚ್ಚುವುದಿಲ್ಲ, ಖರ್ಚು ಹೆಚ್ಚುತ್ತದೆ.

ಬೇಕೆಂದೇ ಇನ್ನೂ ತೆಳ್ಳಗೆ ಬಳಿದರೆ ಅರ್ಧ ಬೆಳಕು ದಾಟುತ್ತದೆ, ಅರ್ಧ ಮರಳುತ್ತದೆ. ಒಂದು ಕಡೆಯಿಂದ ಕನ್ನಡಿ, ಇನ್ನೊಂದು ಕಡೆಯಿಂದ ಕಿಟಕಿ ಎನ್ನುವ ಗಾಜು ಇದೇ. ಅದು ಯಾವ ದಿಕ್ಕಿನ ಪಕ್ಷವನ್ನೂ ವಹಿಸುವುದಿಲ್ಲ, ಕತ್ತಲೆ ಕೋಣೆಯಲ್ಲಿ ಕೂತವರಿಗೆ ಬೆಳಕಿನ ಕೋಣೆ ಕಾಣುತ್ತದೆ ಅಷ್ಟೆ.

ಬಟ್ಟೆ ಅಂಗಡಿಯ ಟ್ರಯಲ್ ರೂಮಿನ ಕನ್ನಡಿಗೆ ಬೆರಳಿಟ್ಟು ಪರೀಕ್ಷಿಸಿ, ಬೆರಳಿಗೂ ಬಿಂಬಕ್ಕೂ ನಡುವೆ ಅಂತರ ಕಾಣದಿದ್ದರೆ ಅದು ಆಚೆಯಿಂದ ನೋಡಬಹುದಾದ ಗಾಜು ಎನ್ನುತ್ತಾರೆ. ನಂಬಬಹುದೇ?

ನಂಬಬೇಡಿ. ಬೆರಳಿಗೂ ಬಿಂಬಕ್ಕೂ ನಡುವೆ ಕಾಣುವ ಅಂತರ, ಲೋಹದ ಲೇಪ ಗಾಜಿನ ಹಿಂದಿದೆಯೋ ಮುಂದಿದೆಯೋ ಎಂಬುದನ್ನಷ್ಟೇ ಹೇಳುತ್ತದೆ. ಲೇಪ ದಪ್ಪವೋ ತೆಳುವೋ ಎಂಬುದನ್ನು ಹೇಳುವುದಿಲ್ಲ. ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಗಾಜಿಗೆ ಒತ್ತಿ ಹಿಡಿದು ಆಚೆಗೆ ಏನಾದರೂ ಕಾಣುವುದೇ ನೋಡುವುದು ಮೇಲು.

ಅಂತರವೇ ಇಲ್ಲದ ಕನ್ನಡಿಗೆ ಪ್ರಸಿದ್ಧ ಉದಾಹರಣೆ ಕೇರಳದ ಆರನ್ಮುಳ ಕನ್ನಡಿ. ಅದರಲ್ಲಿ ಗಾಜೇ ಇಲ್ಲ. ತವರ ಸುಮಾರು ಮೂರನೆಯ ಒಂದು ಪಾಲಿರುವ ಕಂಚನ್ನು ಎರಕ ಹೊಯ್ದು ಉಜ್ಜಿ ಮಾಡುತ್ತಾರೆ. ಆ ಪ್ರಮಾಣದಲ್ಲಿ ತಾಮ್ರ ತವರ ಕೂಡಿ ಬೆಳ್ಳಗಿನ, ತುಂಬ ಗಡಸಾದ, ಬಿದ್ದರೆ ಗಾಜಿನಂತೆ ಒಡೆಯುವ ಸಂಯುಕ್ತವಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಈ ಲೋಹದ ಒಳರಚನೆಯನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಗಡಸಾದ್ದರಿಂದಲೇ ಅದಕ್ಕೆ ಅಷ್ಟು ನಯವಾದ ಮೆರುಗು ಬರುತ್ತದೆ. ಬೇಲೂರಿನ ದರ್ಪಣ ಸುಂದರಿಯ ಕಾಲವಾದ 12ನೆಯ ಶತಮಾನದಲ್ಲೂ ಕನ್ನಡಿ ಎಂದರೆ ಉಜ್ಜಿದ ಲೋಹವೇ.

ಲೋಹ ಎಲ್ಲ ಬಗೆಯ ಅಲೆಗಳನ್ನೂ ಹಿಂದಿರುಗಿಸುತ್ತದೆಯೇ?

ಪ್ಲಾಸ್ಮಾ ಆವೃತ್ತಿಯ ಕೆಳಗೆ ಹೌದು, ಮೇಲೆ ಇಲ್ಲ. ಕ್ಷ-ಕಿರಣಗಳ ತೂಗಾಟಕ್ಕೆ ಎಲೆಕ್ಟ್ರಾನುಗಳು ಸರಿಸಾಟಿಯಾಗಲಾರವು, ನೇರವಾಗಿ ಬಿದ್ದ ಕ್ಷ-ಕಿರಣ ಲೋಹದೊಳಗೆ ನುಗ್ಗಿಬಿಡುತ್ತದೆ. ಮೇಲ್ಮೈಯನ್ನು ಸವರಿಕೊಂಡು ಬಂದರೆ ಮಾತ್ರ ಮರಳುತ್ತದೆ. 1999ರಲ್ಲಿ ಹಾರಿದ, ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರಿನ ಚಂದ್ರಾ ದೂರದರ್ಶಕದ ಇರಿಡಿಯಂ ಲೇಪಿತ ಕನ್ನಡಿಗಳು ಹಾಗಾಗಿ ಬಟ್ಟಲಿನಂತಿಲ್ಲ, ಒಂದರೊಳಗೊಂದು ಇಟ್ಟ ಕೊಳವೆಗಳಂತಿವೆ.

ಇತ್ತ ರೇಡಿಯೋ ಅಲೆಗಳಿಗೆ ಲೋಹವೇ ಬೇಕೆಂದಿಲ್ಲ. ವಾತಾವರಣದ ಮೇಲಿನ ಅಯಾನುಗೋಳದಲ್ಲಿ ಎಲೆಕ್ಟ್ರಾನುಗಳು ತೀರಾ ವಿರಳ, ಅದರ ಪ್ಲಾಸ್ಮಾ ಆವೃತ್ತಿ ಕೆಲವೇ ಮೆಗಾಹರ್ಟ್ಸ್. ಶಾರ್ಟ್‌ವೇವ್ ಪ್ರಸಾರಕ್ಕೆ ಅದೇ ಆಕಾಶದ ಕನ್ನಡಿ. ನೂರು ಮೆಗಾಹರ್ಟ್ಸ್ ಆಸುಪಾಸಿನ ಎಫ್‌ಎಂ ಅದನ್ನು ತೂರಿ ಆಚೆ ಹೋಗುತ್ತದೆ, ಅದಕ್ಕೇ ಎಫ್‌ಎಂ ನಿಲಯ ದೂರದ ಊರಿಗೆ ಕೇಳಿಸುವುದಿಲ್ಲ. ಪುಣೆ ಹತ್ತಿರದ ಖೋಡದ್‌ನಲ್ಲಿರುವ 45 ಮೀಟರ್ ಅಗಲದ ಮೂವತ್ತು ರೇಡಿಯೋ ದೂರದರ್ಶಕಗಳ ತಟ್ಟೆಗಳು ಬರೀ ತಂತಿ ಬಲೆ. ಬಲೆಯ ಕಣ್ಣು ತರಂಗಾಂತರಕ್ಕಿಂತ ತುಂಬ ಚಿಕ್ಕದಾದರೆ ಅಲೆಗೆ ಅದು ತೂತಾಗಿ ತೋರುವುದೇ ಇಲ್ಲ.

ನೂರಕ್ಕೆ ನೂರು ಹಿಂದಿರುಗಿಸುವ ಲೋಹ ಏಕಿಲ್ಲ?

ತೂಗಾಡುವ ಎಲೆಕ್ಟ್ರಾನುಗಳು ನಡುನಡುವೆ ಎಡವುತ್ತವೆ. ಕಂಪಿಸುತ್ತಿರುವ ಪರಮಾಣುಗಳು, ಕಲ್ಮಶಗಳು ಅಡ್ಡ ಬರುತ್ತವೆ. ಬೆಳ್ಳಿಯಲ್ಲಿ ಒಂದು ಎಡವಿಗೂ ಇನ್ನೊಂದಕ್ಕೂ ನಡುವೆ ಎಲೆಕ್ಟ್ರಾನ್ ಸರಿಸುಮಾರು ಇಪ್ಪತ್ತು ಬಾರಿ ತೂಗಿರುತ್ತದೆ, ಹಾಗಾಗಿ ನಷ್ಟ ಕಡಿಮೆ. ಆದರೂ ಸೊನ್ನೆಯಲ್ಲ. ಹೋದ ಪಾಲು ಶಾಖವಾಗುತ್ತದೆ. ಇಷ್ಟು ನಷ್ಟವೂ ಸಲ್ಲದ ಲೇಸರ್ ಕೆಲಸಗಳಲ್ಲಿ ಲೋಹವನ್ನೇ ಕೈಬಿಟ್ಟು, ಎರಡು ಬಗೆಯ ಪಾರದರ್ಶಕ ವಸ್ತುಗಳನ್ನು ಒಂದರ ಮೇಲೊಂದು ಹತ್ತಾರು ಪದರ ಬಳಿಯುತ್ತಾರೆ. ಅಂಥ ಕನ್ನಡಿ 99.99ನ್ನೂ ದಾಟುತ್ತದೆ, ಆದರೆ ಕೆಲವೇ ಬಣ್ಣಗಳಿಗೆ.

ಕನ್ನಡಿ ಎಡವನ್ನು ಬಲ ಮಾಡುವುದೇಕೆ?

ಮಾಡುವುದಿಲ್ಲ. ಹಿಂದುಮುಂದು ಮಾಡುತ್ತದೆ. ಎಡಗೈ ಎತ್ತಿದರೆ ಎಡಗಡೆಯ ಕೈಯೇ ಏಳುತ್ತದೆ. ಉಳಿದದ್ದು ಕನ್ನಡಿಯೊಳಗಿನವರ ಜಾಗದಲ್ಲಿ ನಿಂತು ಊಹಿಸಿಕೊಳ್ಳುವ ನಮ್ಮ ಅಭ್ಯಾಸ. ಎಲೆಕ್ಟ್ರಾನುಗಳ ತಪ್ಪೇನೂ ಇಲ್ಲ.

ಬೆಳಕು ಕನ್ನಡಿಯನ್ನು ತಳ್ಳುತ್ತದೆಯೇ?

ತಳ್ಳುತ್ತದೆ. ದಿಕ್ಕು ಬದಲಿಸಿದ ಬೆಳಕಿನ ಸಂವೇಗವೂ ಬದಲಾಗಿದೆ, ಆ ಬದಲಾವಣೆಯ ತಳ್ಳನ್ನು ಎಲೆಕ್ಟ್ರಾನುಗಳ ಮೂಲಕ ಇಡೀ ಲೋಹ ಹೊರಬೇಕು. ಭೂಮಿಯ ದೂರದಲ್ಲಿ, ಸೂರ್ಯನಿಗೆ ಎದುರಾಗಿ ಹಿಡಿದ ಒಳ್ಳೆಯ ಕನ್ನಡಿಯ ಮೇಲೆ ಬೀಳುವ ಬಲ ಚದರ ಮೀಟರಿಗೆ ಸುಮಾರು 9 ಮೈಕ್ರೋನ್ಯೂಟನ್. ಗೋಡೆಯ ಕನ್ನಡಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಬಾಹ್ಯಾಕಾಶದಲ್ಲಿ ತಡೆಯಿಲ್ಲ, ತಳ್ಳು ನಿಲ್ಲುವುದೂ ಇಲ್ಲ. 2010ರಲ್ಲಿ ಜಪಾನ್ ಹಾರಿಸಿದ ಇಕಾರೋಸ್ ನೌಕೆ, ಅಲ್ಯುಮಿನಿಯಂ ಲೇಪಿಸಿದ 14 ಮೀಟರ್ ಚೌಕದ ತೆಳು ಹಾಳೆಯನ್ನು ಬಿಚ್ಚಿ, ಬಿಸಿಲಿನ ತಳ್ಳಿನಿಂದಲೇ ತನ್ನ ವೇಗವನ್ನು ಬದಲಿಸಿಕೊಂಡಿತು.